ಕ್ಯಾಚ್ ಬಿಟ್ಟ ಮೇಲಿನ ಮಾತು: ಸಿಯಾಟಲ್‌ನ ಬೇಸ್‌ಬಾಲ್ ಮಕ್ಕಳು ತಮ್ಮ ಕೋಚ್‌ಗಳ ಬಗ್ಗೆ ನೆನಪಿಟ್ಟುಕೊಂಡದ್ದು

1970ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಮೈದಾನಗಳಿಗೆ ಒಂದು ಹೊಸ ಬಗೆಯ ಪ್ರೇಕ್ಷಕರು ಬರತೊಡಗಿದರು. ಅವರು ಚೆಂಡನ್ನು ನೋಡುತ್ತಿರಲಿಲ್ಲ, ಸ್ಕೋರ್ ಬರೆದುಕೊಳ್ಳುತ್ತಿರಲಿಲ್ಲ. ಅವರ ಕಣ್ಣೆಲ್ಲ ಕೋಚ್ ಮೇಲೆ. ಹುಡುಗ ಚೆನ್ನಾಗಿ ಆಡಿದಾಗ ಆತ ಏನೆಂದ, ಕ್ಯಾಚ್ ಬಿಟ್ಟಾಗ ಏನೆಂದ, ಬೆನ್ನು ತಟ್ಟಿದನೋ ಗದರಿದನೋ ಸುಮ್ಮನಿದ್ದನೋ, ಅದನ್ನಷ್ಟೇ ಸಂಕೇತಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಇವರನ್ನು ತರಬೇತಿ ಕೊಟ್ಟು ಕಳುಹಿಸಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಸ್ಮಿತ್ ಮತ್ತು ಅವರ ಜೊತೆಗಾರ ಫ್ರಾಂಕ್ ಸ್ಮೋಲ್. 1978ರಲ್ಲಿ ಫಲಿತಾಂಶ ಪ್ರಕಟವಾದಾಗ ಲೆಕ್ಕ ಹೀಗಿತ್ತು: 51 ಕೋಚ್‌ಗಳು, 202 ಪಂದ್ಯಗಳು, ದಾಖಲಾದ ವರ್ತನೆಗಳು 57,213. ಅಂದರೆ ಒಂದು ಪಂದ್ಯದಲ್ಲಿ ಒಬ್ಬ ಕೋಚ್ ಸರಾಸರಿ 280ಕ್ಕೂ ಹೆಚ್ಚು ಸಲ ಮಕ್ಕಳ ಕಡೆಗೆ ಏನನ್ನೋ ಹೇಳಿದ್ದ, ಇಲ್ಲವೇ ಮಾಡಿದ್ದ.

ಮಕ್ಕಳ ಕ್ರೀಡೆಯ ಬಗ್ಗೆ ನಡೆದಿರುವ ಕೆಲಸಗಳಲ್ಲಿ ನನಗೆ ಇದರಷ್ಟು ಮುಖ್ಯವಾಗಿ ಕಂಡದ್ದು ಇನ್ನೊಂದಿಲ್ಲ. ನಾನಿರುವ ಊರಿಗೂ ಆ ಮೈದಾನಗಳಿಗೂ ನಡುವೆ ಇರುವುದು ಒಂದು ಸರೋವರ ಮಾತ್ರ. ಈಚೆ ದಡದ ರೆಡ್‌ಮಂಡ್, ಬೆಲ್‌ವ್ಯೂ, ಬಾಥೆಲ್‌ಗಳಲ್ಲಿ ಇವತ್ತು ಎಷ್ಟೋ ಕನ್ನಡದ ಮನೆಗಳ ಮಕ್ಕಳು ಮಳೆ ನಿಂತ ವಸಂತದ ಸಂಜೆಗಳಲ್ಲಿ ಗ್ಲೌಸ್ ಹಿಡಿದು ಅಭ್ಯಾಸಕ್ಕೆ ಹೋಗುತ್ತಾರೆ. ಅವರ ಅಪ್ಪ ಅಮ್ಮಂದಿರು ಕ್ರಿಕೆಟ್ ಆಡಿ ಬೆಳೆದವರು. ಕೆಲವರು ಆಟದ ನಿಯಮಗಳನ್ನು ಮಕ್ಕಳಿಂದಲೇ ಕಲಿತು, ಮರು ವರ್ಷ ಸಹಾಯಕ ಕೋಚ್ ಆಗಿ ನಿಂತುಬಿಡುತ್ತಾರೆ. ಈ ಪ್ರಕರಣ ಅವರಿಗೆ ಗೊತ್ತಿರಬೇಕು ಅನ್ನುವ ಆಸೆಯಿಂದ ಬರೆಯುತ್ತಿದ್ದೇನೆ.

ಲಿಟಲ್ ಲೀಗ್ ಹುಟ್ಟಿದ್ದು 1939ರಲ್ಲಿ, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ. ಕಾರ್ಲ್ ಸ್ಟಾಟ್ಜ್ ಎಂಬಾತ ತನ್ನ ಅಕ್ಕಪಕ್ಕದ ಹುಡುಗರಿಗಾಗಿ ಮೂರೇ ಮೂರು ತಂಡಗಳನ್ನು ಕಟ್ಟಿ ಶುರುಮಾಡಿದ ಆಟ ಅದು. ದೊಡ್ಡವರ ಬೇಸ್‌ಬಾಲಿನಲ್ಲಿ, ಆಟಗಾರ ಓಡಿ ಮುಟ್ಟಬೇಕಾದ ಬೇಸ್‌ಗಳ ನಡುವಿನ ದೂರ 90 ಅಡಿ, ಇಲ್ಲಿ 60. ಒಂಬತ್ತು ಇನಿಂಗ್ಸ್ ಬದಲು ಆರು. ಮೈದಾನವನ್ನು ಮಕ್ಕಳ ಅಳತೆಗೆ ಕುಗ್ಗಿಸಿದರು, ಆದರೆ ಕಲಿಸುವವರನ್ನು ಹೊಂದಿಸಿಕೊಂಡದ್ದು ಸ್ವಯಂಸೇವೆಯಿಂದ. ಹೆಚ್ಚಿನವರು ಆಡುವ ಹುಡುಗರ ತಂದೆಯರೇ. ಹಗಲು ಬೇರೆ ಕೆಲಸ, ಸಂಜೆ ಮೈದಾನ. ಸಂಬಳವಿಲ್ಲ, ತರಬೇತಿ ಇಲ್ಲ. ತಮಗೆ ಚಿಕ್ಕಂದಿನಲ್ಲಿ ಯಾರು ಹೇಗೆ ಕಲಿಸಿದ್ದರೋ ಹಾಗೆಯೇ ಇವರೂ ಕಲಿಸುತ್ತಿದ್ದರು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಲೇಬೇಕು. ಇದು ತಪ್ಪುಗಳ ಆಟ. ಅಮೆರಿಕದ ದೊಡ್ಡ ಲೀಗ್‌ನಲ್ಲೇ ಹತ್ತರಲ್ಲಿ ಮೂರು ಸಲ ಹಿಟ್ ಮಾಡುವ ಬ್ಯಾಟರ್‌ನನ್ನು ಉತ್ತಮ ಆಟಗಾರ ಅನ್ನುತ್ತಾರೆ, ಉಳಿದ ಏಳು ಸಲ ಅವನು ಸೋತೇ ವಾಪಸು ನಡೆದಿರುತ್ತಾನೆ. ಹಾಗಿರುವಾಗ ಹತ್ತು ವರ್ಷದ ಹುಡುಗನ ಗತಿ? ಅದೂ ಅಲ್ಲದೆ ಇಲ್ಲಿ ತಪ್ಪು ಬಚ್ಚಿಟ್ಟುಕೊಳ್ಳುವುದಕ್ಕೆ ಜಾಗವಿಲ್ಲ. ಫುಟ್‌ಬಾಲಿನಲ್ಲಿ ಪಾಸ್ ತಪ್ಪಿದರೆ ಆಟ ಮುಂದಕ್ಕೆ ಓಡುತ್ತದೆ, ಯಾರೂ ಗಮನಿಸದೇ ಇರಬಹುದು. ಬೇಸ್‌ಬಾಲಿನಲ್ಲಿ ಮೂರನೆಯ ಸ್ಟ್ರೈಕ್ (ಹೊಡೆಯಲಾಗದೆ ಬಿಟ್ಟ ಚೆಂಡು) ಆದ ಕೂಡಲೇ ಹುಡುಗ ಎಲ್ಲರ ಕಣ್ಣೆದುರು ಬ್ಯಾಟ್ ಎಳೆದುಕೊಂಡು ತಂಡ ಕೂರುವ ಡಗೌಟ್‌ವರೆಗೆ ಒಬ್ಬನೇ ನಡೆಯಬೇಕು. ಉರುಳಿ ಬಂದ ಚೆಂಡು ಕಾಲ ಸಂದಿಯಿಂದ ನುಸುಳಿಹೋದರೆ ಅದು ಯಾರ ಕಾಲು ಅನ್ನುವುದರಲ್ಲಿ ಅನುಮಾನವೇ ಇರುವುದಿಲ್ಲ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಆಡಲು ಬಾರದವನನ್ನು ಚೆಂಡು ಅಪರೂಪಕ್ಕೆ ಹೋಗುವ ಮೂಲೆಗೆ ನಿಲ್ಲಿಸುತ್ತಿದ್ದೆವಲ್ಲ, ಹಾಗೆ ಇಲ್ಲಿ ಅಂಥವನಿಗೆ ರೈಟ್ ಫೀಲ್ಡ್. ಅಲ್ಲಿ ನಿಂತವನಿಗೂ ತನ್ನನ್ನು ಏಕೆ ಅಲ್ಲಿ ನಿಲ್ಲಿಸಿದ್ದಾರೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಹಾಗಾಗಿ ಈ ಆಟದಲ್ಲಿ ಕೋಚ್ ಬಾಯಿಂದ ಬರುವ ಮಾತಿನ ಬಹುಪಾಲು ಮಗುವಿನ ತಪ್ಪಿನ ಸುತ್ತಲೇ ಇರುವ ಸಾಧ್ಯತೆ ಹೆಚ್ಚು. ಸ್ಮಿತ್ ಮತ್ತು ಸ್ಮೋಲ್ ತಯಾರಿಸಿದ ಅಳತೆಗೋಲು ಇದನ್ನು ಹಿಡಿಯುವಂತೆ ಇತ್ತು. ಮೊದಲು ಅವರ ವೀಕ್ಷಕರು ಕೋಚ್‌ಗಳನ್ನು ನೋಡುತ್ತ, ನಡೆದದ್ದನ್ನೆಲ್ಲ ವೀಕ್ಷಕ ವಿವರಣೆಯ ಹಾಗೆ ಟೇಪ್ ರೆಕಾರ್ಡರ್‌ಗೆ ಹೇಳಿಕೊಂಡು ಹೋದರು. ಆ ರಾಶಿಯನ್ನು ವಿಂಗಡಿಸಿದಾಗ 12 ಬಗೆಯ ವರ್ತನೆಗಳು ಸಿಕ್ಕವು. ಚೆನ್ನಾಗಿ ಆಡಿದಾಗ ಹೊಗಳುವುದು ಒಂದು. ಚೆನ್ನಾಗಿ ಆಡಿದರೂ ಏನೂ ಅನ್ನದಿರುವುದು ಇನ್ನೊಂದು. ಇದನ್ನು ಪ್ರತ್ಯೇಕ ವರ್ತನೆ ಎಂದು ಎಣಿಸಿದ್ದು ನನಗೆ ಬಹಳ ಸರಿ ಅನಿಸಿತು. ಮಗುವಿನ ಲೆಕ್ಕದಲ್ಲಿ ಕೋಚ್ ಸುಮ್ಮನಿರುವುದೂ ಒಂದು ಉತ್ತರವೇ ತಾನೆ. ತಪ್ಪಾದಾಗಿನ ವಿಂಗಡಣೆ ಇನ್ನೂ ಸೂಕ್ಷ್ಮ. ‘ಪರವಾಗಿಲ್ಲ ಮರಿ, ಮುಂದಿನದು ಹಿಡಿಯೋಣ’ ಅನ್ನುವುದು ಧೈರ್ಯ ತುಂಬುವುದು. ‘ಗ್ಲೌಸ್ ನೆಲಕ್ಕೆ ತಾಗಿಸು, ಚೆಂಡಿನ ನೇರಕ್ಕೆ ಬಾ’ ಅನ್ನುವುದು ಕಲಿಸುವುದು. ‘ಎಲ್ಲಿಟ್ಟಿದ್ದೀಯ ಗಮನ?’ ಅನ್ನುವುದು ಶಿಕ್ಷಿಸುವುದು. ‘ಎಷ್ಟು ಸಲ ಹೇಳೋದು ನಿಂಗೆ, ಗ್ಲೌಸ್ ಕೆಳಗಿಡು ಅಂತ!’ ಅನ್ನುವುದರಲ್ಲಿ ಪಾಠವೂ ಇದೆ, ಬೈಗುಳವೂ ಇದೆ, ಆದ್ದರಿಂದ ಅದಕ್ಕೆ ಬೇರೆಯದೇ ಖಾನೆ. ತಪ್ಪನ್ನು ಕಂಡೂ ಕಾಣದಂತೆ ಬಿಡುವುದು ಮತ್ತೊಂದು. ಉಳಿದವು ಶಿಸ್ತು, ವ್ಯವಸ್ಥೆ, ಹರಟೆ, ಒಟ್ಟಾರೆ ಹುರಿದುಂಬಿಸುವುದು ಇತ್ಯಾದಿ. (ಮೇಲಿನ ಉದಾಹರಣೆ ಮಾತುಗಳು ನಾನು ಕಟ್ಟಿದವು, ವರ್ಗಗಳು ಅವರವು.)

ಋತು ಮುಗಿಯಿತು. ಆಮೇಲೆ ನಡೆದದ್ದು ಈ ಪ್ರಕರಣದ ಹೃದಯ. ಸಂಶೋಧಕರು 542 ಆಟಗಾರರನ್ನು ಅವರವರ ಮನೆಗೇ ಹೋಗಿ ಮಾತಾಡಿಸಿದರು. ಎಲ್ಲರೂ ಗಂಡುಹುಡುಗರು. ಹುಡುಗಿಯರಿಗೆ ಲಿಟಲ್ ಲೀಗಿನ ಬಾಗಿಲು ತೆರೆದದ್ದೇ 1974ರಲ್ಲಿ, ಅದೂ ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ ಮರಿಯಾ ಪೆಪೆ ಎಂಬ 12ರ ಹುಡುಗಿಯನ್ನು ಮೂರು ಪಂದ್ಯಗಳ ನಂತರ ಹೊರಗಿಟ್ಟದ್ದರ ಮೇಲೆ ಕಾನೂನು ಹೋರಾಟ ನಡೆದು. ಸಿಯಾಟಲ್‌ನ ಹುಡುಗರಿಗೆ ಕೇಳಿದ ಪ್ರಶ್ನೆಗಳು ಸರಳ: ಕೋಚ್ ನಿನಗೆ ಎಷ್ಟು ಇಷ್ಟ? ಮುಂದಿನ ವರ್ಷವೂ ಅವರ ಕೈಕೆಳಗೆ ಆಡಬೇಕು ಅನಿಸುತ್ತದೆಯೇ? ನಿನ್ನ ತಂಡದವರು ನಿನಗೆ ಇಷ್ಟವೇ? ಜೊತೆಗೆ ಆ 12 ವರ್ತನೆಗಳನ್ನು ಒಂದೊಂದಾಗಿ ವಿವರಿಸಿ, ನಿಮ್ಮ ಕೋಚ್ ಇದನ್ನು ಎಷ್ಟು ಬಾರಿ ಮಾಡುತ್ತಿದ್ದರು, ನೆನಪು ಮಾಡಿಕೊಂಡು ಹೇಳು ಎಂದರು. ಅದೇ ಪ್ರಶ್ನೆಯನ್ನು ಕೋಚ್‌ಗಳ ಮುಂದೆಯೂ ಇಟ್ಟರು: ನೀವು ಇದನ್ನು ಎಷ್ಟು ಸಲ ಮಾಡುತ್ತಿದ್ದಿರಿ?

ಈಗ ಸಂಶೋಧಕರ ಕೈಯಲ್ಲಿ ಮೂರು ಚಿತ್ರಗಳಿದ್ದವು. ಮೈದಾನದಲ್ಲಿ ವೀಕ್ಷಕರು ಕಂಡದ್ದು, ಮಕ್ಕಳು ನೆನಪಿಟ್ಟದ್ದು, ಕೋಚ್ ತನ್ನ ಬಗ್ಗೆ ನಂಬಿದ್ದು. ಮೂರನ್ನೂ ಹೋಲಿಸಿದರೆ ಕೋಚ್‌ಗಳ ಚಿತ್ರವೇ ಎಲ್ಲಕ್ಕಿಂತ ದೂರ ಉಳಿಯಿತು. ತಾವು ಎಷ್ಟು ಹೊಗಳುತ್ತೇವೆ, ಎಷ್ಟು ಧೈರ್ಯ ತುಂಬುತ್ತೇವೆ, ಎಷ್ಟು ಕಲಿಸುತ್ತೇವೆ ಎಂದು ಅವರು ಹೇಳಿದ್ದಕ್ಕೂ ವೀಕ್ಷಕರ ದಾಖಲೆಗೂ ಹೆಚ್ಚುಕಡಿಮೆ ಸಂಬಂಧವೇ ಇರಲಿಲ್ಲ. ಒಂದೇ ಅಪವಾದ ಶಿಕ್ಷೆ: ಬೈಯುವ ಕೋಚ್‌ಗೆ ತಾನು ಬೈಯುತ್ತೇನೆ ಅನ್ನುವುದು ಒಂದು ಮಟ್ಟಿಗೆ ಗೊತ್ತಿತ್ತು. ಮಕ್ಕಳ ನೆನಪು ಅದಕ್ಕಿಂತ ಎಷ್ಟೋ ಮೇಲು, ವೀಕ್ಷಕರ ದಾಖಲೆಗೆ ಹತ್ತಿರ.

ಆ ಕೋಚ್‌ಗಳು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಪಂದ್ಯ ನಡೆಯುವಾಗ ಕೋಚ್‌ನ ತಲೆಯಲ್ಲಿ ನೂರು ವಿಷಯ ಓಡುತ್ತಿರುತ್ತವೆ. ಮುಂದಿನ ಬ್ಯಾಟರ್ ಯಾರು, ಚೆಂಡೆಸೆಯುವ ಪಿಚರ್‌ನ ತೋಳು ದಣಿದಿದೆಯೇ, ಎಲ್ಲರಿಗೂ ಆಡುವ ಅವಕಾಶ ಸಿಕ್ಕಿತೇ. ತನ್ನ ಬಾಯಿಂದ ಏನು ಬಂತು ಅನ್ನುವುದನ್ನು ಗಮನಿಸುವಷ್ಟು ಬಿಡುವು ಅವನಿಗಿಲ್ಲ. ಸಂಜೆ ಕೂತು ನೆನಪು ಮಾಡಿಕೊಂಡರೆ ಅವನಿಗೆ ಸಿಗುವುದು ಅವನ ಉದ್ದೇಶ. ಮಕ್ಕಳಿಗೆ ಒಳ್ಳೆಯದು ಮಾಡಬೇಕು ಎಂದು ಬಂದವನು, ಒಳ್ಳೆಯದನ್ನೇ ಮಾಡಿದೆ ಎಂದು ನೆನೆಯುತ್ತಾನೆ. ಮಗುವಿಗೆ ಕಾಣುವುದು ಉದ್ದೇಶವಲ್ಲ. ಡಗೌಟ್ ಕಡೆ ನಡೆದು ಬರುವಾಗ ಅದು ಒಂದು ಮುಖವನ್ನು ನೋಡುತ್ತ ಬರುತ್ತದೆ, ಆ ಮುಖ ಏನು ಮಾಡಿತು ಅನ್ನುವುದು ಅದರಲ್ಲಿ ಅಚ್ಚೊತ್ತುತ್ತದೆ.

ಶಾಲೆಯಲ್ಲಿ ನನಗೆ ಖೋ ಖೋ ಕಲಿಸಿದ ಪಿ.ಟಿ. ಮೇಷ್ಟ್ರನ್ನು ಈಗ ಭೇಟಿಯಾಗಿ ಕೇಳಿದರೆ ತಾಲೂಕು ಮಟ್ಟದಲ್ಲಿ ಗೆದ್ದದ್ದನ್ನು ಹೇಳುತ್ತಾರೇನೋ. ನನ್ನೊಳಗೆ ಉಳಿದಿರುವುದು ಒಂದು ಅಭ್ಯಾಸದ ದಿನ. ನಾನು ಕಂಬದ ಬಳಿ ಜಾರಿ ಬಿದ್ದೆ, ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ‘ಕಂಬ ಹಿಡ್ಕೊಂಡು ತಿರುಗೋದು ತೋರಿಸ್ತೀನಿ ಏಳಪ್ಪ’ ಅಂದರು. ಅವರಿಗೆ ಇದು ಖಂಡಿತ ನೆನಪಿರುವುದಿಲ್ಲ.

ಇಷ್ಟ ಅನಿಷ್ಟದ ಲೆಕ್ಕಕ್ಕೆ ಬಂದರೆ, ಹೊಗಳುವ, ತಪ್ಪಿದಾಗ ಧೈರ್ಯ ಹೇಳುವ, ಕಲಿಸುವ ಕೋಚ್‌ಗಳನ್ನು ಮಕ್ಕಳು ಹೆಚ್ಚು ಮೆಚ್ಚಿದರು. ಅಂಥ ತಂಡಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚಿದ್ದೂ ಹೆಚ್ಚು. ನಿಜ ಹೇಳಬೇಕೆಂದರೆ ಈ ಕೋಚ್‌ಗಳು ರಾಕ್ಷಸರೇನೂ ಆಗಿರಲಿಲ್ಲ. ದಾಖಲಾದ ವರ್ತನೆಗಳಲ್ಲಿ ಬಹುಪಾಲು ಒಳ್ಳೆಯವೇ, ಗದರಿಕೆ ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು. ಆದರೆ ಆ ಸಣ್ಣ ಪಾಲು ಮಗುವಿನ ಮನಸ್ಸಿನಲ್ಲಿ ತನ್ನ ಗಾತ್ರಕ್ಕೆ ಮೀರಿದ ಜಾಗ ಹಿಡಿದಿತ್ತು. ಅದರಲ್ಲೂ ತಮ್ಮ ಬಗ್ಗೆ ತಮಗೇ ವಿಶ್ವಾಸ ಕಡಿಮೆ ಇದ್ದ ಹುಡುಗರ ಮೇಲೆ ಕೋಚ್‌ನ ವರ್ತನೆಯ ಪರಿಣಾಮ ಎಲ್ಲರಿಗಿಂತ ತೀವ್ರವಾಗಿತ್ತು, ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ. ತಂಡದ ಸ್ಟಾರ್ ಪಿಚರ್‌ಗೆ ಕೋಚ್ ಹೇಗಿದ್ದರೂ ನಡೆಯುತ್ತದೆ, ಅವನನ್ನು ಎತ್ತಿ ಹಿಡಿಯಲು ಅವನ ಆಟವೇ ಇದೆ. ರೈಟ್ ಫೀಲ್ಡಿನವನಿಗೆ ಆ ಆಸರೆ ಇಲ್ಲ.

ಗೆಲುವು ಸೋಲು? ಇಲ್ಲಿಯೇ ದೊಡ್ಡವರಾದ ನಾವು ಸ್ವಲ್ಪ ನಿಂತು ಓದಬೇಕಾದದ್ದು. ತಂಡ ಎಷ್ಟು ಪಂದ್ಯ ಗೆದ್ದಿತು ಅನ್ನುವುದಕ್ಕೂ ಮಕ್ಕಳು ಕೋಚ್‌ನನ್ನು ಎಷ್ಟು ಮೆಚ್ಚಿದರು ಅನ್ನುವುದಕ್ಕೂ ಸಂಬಂಧ ಸಿಗಲಿಲ್ಲ. ಸೋತ ತಂಡದ ಮಕ್ಕಳು ತಮ್ಮ ಕೋಚ್‌ನನ್ನು ಗೆದ್ದ ತಂಡದವರಷ್ಟೇ ಪ್ರೀತಿಸಿದ್ದರು. ಆದರೆ ಗೆದ್ದ ತಂಡಗಳ ಮಕ್ಕಳು ಇನ್ನೆರಡು ಮಾತು ಹೇಳಿದರು: ಕೋಚ್‌ಗೆ ನಾವೆಂದರೆ ಹೆಚ್ಚು ಇಷ್ಟ, ನಮ್ಮ ಅಪ್ಪ ಅಮ್ಮನಿಗೆ ಕೋಚ್ ಎಂದರೆ ಹೆಚ್ಚು ಇಷ್ಟ. ಗೆಲುವು ತಮಗೆ ಅಷ್ಟೇನೂ ಮುಖ್ಯವಲ್ಲದಿದ್ದರೂ ದೊಡ್ಡವರಿಗೆ ಅದು ಮುಖ್ಯ ಎಂದು ಆ ಮಕ್ಕಳು ಯಾರೂ ಹೇಳಿಕೊಡದೆ ಅರ್ಥ ಮಾಡಿಕೊಂಡಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಂದೆತಾಯಿಯ ಪ್ರೀತಿಯ ಏರಿಳಿತವನ್ನು ಸ್ಕೋರ್‌ಬೋರ್ಡ್ ಜೊತೆ ಇಟ್ಟು ಓದುವುದನ್ನು ಒಂಬತ್ತು ಹತ್ತು ವರ್ಷದವರು ಕಲಿಯಬಾರದು.

ಇದೇ ಸರೋವರದ ಈಚೆ ದಡದ ಕರ್ಕ್‌ಲ್ಯಾಂಡ್ ಹುಡುಗರ ತಂಡ 1982ರಲ್ಲಿ ವಿಲಿಯಮ್ಸ್‌ಪೋರ್ಟ್‌ಗೆ ಹೋಗಿ, ಸತತ 31 ಪಂದ್ಯ ಗೆದ್ದಿದ್ದ ತೈವಾನನ್ನು ಫೈನಲ್‌ನಲ್ಲಿ 6-0ಯಿಂದ ಮಣಿಸಿ ವಿಶ್ವ ಚಾಂಪಿಯನ್ ಆಯಿತು. ಊರಿಗೆ ಅದು ಇಂದಿಗೂ ಹೆಮ್ಮೆ, ಇರಬೇಕಾದದ್ದೇ. ಸ್ಮಿತ್ ಮತ್ತು ಸ್ಮೋಲ್ ನೋಡಿದ್ದು ಆ ಹೊಳಪಿನಿಂದ ದೂರ ಉಳಿಯುವ ಬಹುಸಂಖ್ಯಾತ ಹುಡುಗರನ್ನು, ಯಾವ ಫೈನಲ್ಲನ್ನೂ ಆಡದೆ ಎರಡು ಮೂರು ಋತುಗಳಲ್ಲಿ ಆಟ ಬಿಟ್ಟು ಬೆಳೆದು ದೊಡ್ಡವರಾಗುವವರನ್ನು.

ಇಷ್ಟಕ್ಕೇ ಬಿಟ್ಟಿದ್ದರೆ ಇದೊಂದು ಒಳ್ಳೆಯ ಸಮೀಕ್ಷೆ ಆಗಿ ಉಳಿಯುತ್ತಿತ್ತು. ಒಳ್ಳೆಯ ವರ್ತನೆಯಿಂದ ಮಕ್ಕಳು ಖುಷಿಯಾದರೋ, ಅಥವಾ ಖುಷಿಯಾಗಿರುವ ಮಕ್ಕಳು ಸಿಕ್ಕ ಕೋಚ್ ಒಳ್ಳೆಯವನಾದನೋ ಎಂಬ ಪ್ರಶ್ನೆ ಹಾಗೆಯೇ ಇರುತ್ತಿತ್ತು. ಅದಕ್ಕಾಗಿ ಅವರು ಪ್ರಯೋಗಕ್ಕೆ ಇಳಿದರು. 1979ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 31 ಕೋಚ್‌ಗಳಿದ್ದರು. 18 ಮಂದಿಗೆ ಋತು ಶುರುವಾಗುವ ಮುನ್ನ ಒಂದೇ ಒಂದು ಸಂಜೆ, ಎರಡೂ ಚಿಲ್ಲರೆ ಗಂಟೆಯ ತರಬೇತಿ. ಉಳಿದ 13 ಮಂದಿ ಎಂದಿನಂತೆ.

ಆ ಸಂಜೆ ಹೇಳಿಕೊಟ್ಟದ್ದರಲ್ಲಿ ಬೇಸ್‌ಬಾಲ್ ತಂತ್ರ ಏನೂ ಇರಲಿಲ್ಲ. ಚೆನ್ನಾಗಿ ಆಡಿದ್ದನ್ನಷ್ಟೇ ಅಲ್ಲ, ಪ್ರಯತ್ನವನ್ನೂ ಕಂಡ ತಕ್ಷಣ ಮೆಚ್ಚಿ. ತಪ್ಪಾದ ಕೂಡಲೇ ಮೊದಲು ಧೈರ್ಯ ಹೇಳಿ, ಏಕೆಂದರೆ ಆ ಕ್ಷಣದಲ್ಲೇ ಮಗುವಿಗೆ ಅದು ಬೇಕಾಗಿರುವುದು. ಹೇಗೆ ಸರಿಪಡಿಸಿಕೊಳ್ಳಬೇಕು ಎಂದು ಮಗುವಿಗೆ ಈಗಾಗಲೇ ಗೊತ್ತಿದ್ದರೆ ಅಷ್ಟೇ ಸಾಕು. ಗೊತ್ತಿಲ್ಲದಿದ್ದರೆ ಕಲಿಸಿ, ಆದರೆ ಹೀಗೆ: ಮೊದಲು ಅದು ಸರಿಯಾಗಿ ಮಾಡಿದ್ದನ್ನು ಹೇಳಿ (‘ಓಡಿ ಬಂದು ಚೆಂಡಿಗೆ ಅಡ್ಡ ನಿಂತೆಯಲ್ಲ, ಅದು ಚೆನ್ನಾಗಿತ್ತು’), ನಡುವೆ ತಿದ್ದುಪಡಿ, ಕೊನೆಗೆ ಇನ್ನೊಂದು ಭರವಸೆಯ ಮಾತು. ತಪ್ಪಿಗೆ ಶಿಕ್ಷೆ ಬೇಡ, ಬೈಗುಳ ಬೆರೆಸಿದ ಪಾಠವೂ ಬೇಡ. ಶಿಸ್ತಿಗೆ ಬೇಕಾದ ನಿಯಮಗಳನ್ನು ಮೊದಲ ವಾರವೇ ಮಕ್ಕಳ ಜೊತೆ ಕೂತು ಮಾಡಿಕೊಳ್ಳಿ, ಆಮೇಲೆ ಕೂಗಾಡುವ ಪ್ರಸಂಗವೇ ಕಡಿಮೆಯಾಗುತ್ತದೆ. ಇದರ ಜೊತೆಗೆ ಇನ್ನೆರಡು ವ್ಯವಸ್ಥೆ ಇತ್ತು, ನನ್ನ ದೃಷ್ಟಿಯಲ್ಲಿ ಉಪದೇಶಕ್ಕಿಂತ ಇವೇ ಮುಖ್ಯ. ವೀಕ್ಷಕರು ಕಂಡದ್ದನ್ನು ಋತುವಿನ ಆರಂಭದಲ್ಲೇ ಆಯಾ ಕೋಚ್‌ನ ಕೈಗಿಟ್ಟರು: ನೋಡಿ, ನೀವು ಇಷ್ಟು ಸಲ ಹೀಗೆ ಮಾಡಿದಿರಿ. ಮತ್ತು ಕೋಚ್‌ಗಳೇ ತಾವು ಹೇಗೆ ನಡೆದುಕೊಂಡೆವು ಎಂದು ತುಂಬಿಡಲು ಒಂದು ಸಣ್ಣ ಪತ್ರಕ ಕೊಟ್ಟರು. ತಮ್ಮ ವರ್ತನೆ ತಮಗೇ ಕಾಣದಿರುವುದು ರೋಗವಾದರೆ ಮದ್ದು ಅಲ್ಲಿಗೇ ಬೀಳಬೇಕಲ್ಲ.

ಫಲ ಕಂಡಿತು. ತರಬೇತಿ ಪಡೆದವರು ಮೈದಾನದಲ್ಲಿ ನಿಜವಾಗಿಯೂ ಹೆಚ್ಚು ಮೆಚ್ಚುಗೆ ತೋರಿದರು. ಮಕ್ಕಳು ಅವರನ್ನು ಹೆಚ್ಚು ಇಷ್ಟಪಟ್ಟರು, ಒಳ್ಳೆಯ ಗುರುಗಳು ಎಂದರು, ತಮ್ಮ ಜೊತೆಗಾರರನ್ನೂ ಹೆಚ್ಚು ಮೆಚ್ಚಿದರು. ಗೆಲುವಿನ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ, ಆದ್ದರಿಂದ ಈ ಖುಷಿ ಗೆದ್ದದ್ದರಿಂದ ಬಂದದ್ದು ಎನ್ನುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಲಾಭವಾದದ್ದು ಆತ್ಮವಿಶ್ವಾಸ ಕಡಿಮೆಯಿದ್ದ ಮಕ್ಕಳಿಗೆ.

1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಬಳಗದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮರುವರ್ಷ ಎಷ್ಟು ಮಕ್ಕಳು ವಾಪಸು ಬಂದರು ಎಂದು ಎಣಿಸಿದರು. ತರಬೇತಿ ಇಲ್ಲದ ಕೋಚ್‌ಗಳ ಕೈಕೆಳಗಿದ್ದವರಲ್ಲಿ 26 ಶೇಕಡಾ ಆಟ ಬಿಟ್ಟಿದ್ದರು. ತರಬೇತಿ ಪಡೆದವರ ತಂಡಗಳಲ್ಲಿ 5 ಶೇಕಡಾ. 12 ಹುಡುಗರ ಒಂದು ತಂಡವನ್ನು ಕಣ್ಣ ಮುಂದೆ ತಂದುಕೊಳ್ಳಿ: ಒಂದು ಕಡೆ ಮೂವರು ಬರುವುದಿಲ್ಲ, ಇನ್ನೊಂದು ಕಡೆ ಹೆಚ್ಚೆಂದರೆ ಒಬ್ಬ. ಇಲ್ಲಿಯೂ ಗೆಲುವು ಸೋಲು ಕಾರಣವಲ್ಲ.

ಎಚ್ಚರದ ಮಾತುಗಳೂ ಇವೆ. ಈ ಕೊನೆಯ ಹೋಲಿಕೆಯಲ್ಲಿದ್ದ ಕೋಚ್‌ಗಳು 18 ಮಂದಿ ಮಾತ್ರ, 8 ಮಂದಿ ಒಂದು ಕಡೆ, 10 ಮಂದಿ ಇನ್ನೊಂದು ಕಡೆ. ತರಬೇತಿ ರೂಪಿಸಿದವರೇ ಅದನ್ನು ಅಳೆದವರೂ ಹೌದು. ಎಲ್ಲವೂ ಒಂದೇ ನಗರದ ಸುತ್ತ ನಡೆದದ್ದು. 26 ಮತ್ತು 5 ಅನ್ನುವ ಅಂಕಿಗಳನ್ನು ಎಲ್ಲ ದೇಶ, ಎಲ್ಲ ಆಟಕ್ಕೂ ಹಾಗೇ ಹೊತ್ತುಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ಸಂಜೆಯ ಮಾತುಕತೆ ಮತ್ತು ಒಂದು ಹಾಳೆಯಷ್ಟು ಅಗ್ಗದ ಉಪಾಯದಿಂದ ಈ ದಿಕ್ಕಿನ ಬದಲಾವಣೆ ಬರುವುದಾದರೆ, ಅದನ್ನು ಪ್ರಯತ್ನಿಸದೆ ಇರುವುದಕ್ಕೆ ಯಾವ ಸಬೂಬೂ ನನಗೆ ತೋಚುವುದಿಲ್ಲ.

ಸ್ಮಿತ್ ಮತ್ತು ಸ್ಮೋಲ್ ಕೋಚ್‌ಗಳಿಗೆ ಕೊಟ್ಟ ಸಲಹೆಗಳಲ್ಲಿ ಋತುವಿನ ಆರಂಭದಲ್ಲಿ ಪೋಷಕರ ಸಭೆ ಕರೆಯಬೇಕು ಅನ್ನುವುದೂ ಸೇರಿದೆ. ಈಚೆ ದಡದ ನಮ್ಮವರಿಗೆ ಇದು ವಿಶೇಷವಾಗಿ ಬೇಕು. ಆಟ ನಮಗೆ ಹೊಸದು, ಮಗು ಹಿಂದೆ ಬೀಳಬಾರದು ಎಂಬ ಆತಂಕ ಹಳೆಯದು. ಬ್ಯಾಟ್ ಹಿಡಿದ ಮಗುವಿಗೆ ಮೆಟ್ಟಿಲುಗಳ ಮೇಲಿಂದ ಅಪ್ಪ ಕನ್ನಡದಲ್ಲಿ ಕೂಗುವುದೂ ಕೋಚ್ ಇಂಗ್ಲಿಷಿನಲ್ಲಿ ಕೂಗುವುದೂ ಒಟ್ಟಿಗೇ ಕಿವಿಗೆ ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮನೆಗೆ ಹೋಗುವ ಕಾರಿನಲ್ಲಿ ಎಷ್ಟು ಹಿಟ್ ಆಯ್ತು, ಎಷ್ಟು ಸಲ ಔಟಾದೆ ಎಂಬ ವಿಚಾರಣೆ ಮುಂದುವರಿಯುತ್ತದೆ. ಅದರ ಬದಲು ‘ಚೆಂಡು ಬಿಟ್ಟಾಗ ಕೋಚ್ ಏನಂದ್ರು, ಪುಟ್ಟಾ?’ ಎಂದು ಕೇಳಬಹುದು. ಮಗು ಹೇಳುವ ಉತ್ತರವನ್ನು ನಂಬಬಹುದು ಎಂಬುದಕ್ಕೆ 202 ಪಂದ್ಯಗಳ ದಾಖಲೆ ಇದೆ. ಅದೇ ಪ್ರಶ್ನೆಯನ್ನು ತಿರುಗಿಸಿ, ‘ನಾನು ಏನಂದೆ?’ ಎಂದೂ ಕೇಳಬಹುದು.